ಬಿ.ಪಿ. ಮಾತ್ರೆ ಕುಟ್ಟುವ ಮುನ್ನ

ಮಾನ್ಯರೇ,

ಪಾರ್ಶ್ವವಾಯುವಾಗಿ ನುಂಗಲಾಗದವರಿಗೆ ಮೂಗಿನ ನಳಿಕೆಯಲ್ಲಿ ಆಹಾರ ಕೊಡುವ ಮನೆಗಳಲ್ಲಿ ಬಿ.ಪಿ. ಮಾತ್ರೆಯನ್ನೂ ಕುಟ್ಟಿ ನೀರಿಗೆ ಕಲಸಿ ಹಾಕುವುದುಂಟು. ಮಾತ್ರೆಯ ಹೆಸರಿನ ಕೊನೆಗೆ ಎಕ್ಸ್‌ಎಲ್, ಇಆರ್, ಎಸ್‌ಆರ್, ರಿಟಾರ್ಡ್ ಎಂದಿದ್ದರೆ ಇದು ಅಪಾಯ. ಇವು ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆಯ ಗುರುತುಗಳು. ಹನ್ನೆರಡೋ ಇಪ್ಪತ್ತನಾಲ್ಕೋ ಗಂಟೆ ಹಂಚಿಕೊಂಡು ಇಳಿಯಬೇಕಾದ ಔಷಧ ಒಮ್ಮೆಲೇ ರಕ್ತ ಸೇರುತ್ತದೆ. ಬಿ.ಪಿ. ಏಕಾಏಕಿ ಕುಸಿದು, ಮೊದಲೇ ಘಾಸಿಗೊಂಡ ಮಿದುಳಿಗೆ ರಕ್ತ ಸಾಲದಾಗಬಹುದು. ಮುಂದಿನ ಡೋಸ್ ಹೊತ್ತಿಗೆ ಔಷಧ ಕರಗಿಹೋಗಿ ಬಿ.ಪಿ. ಮತ್ತೆ ಏರಿರುತ್ತದೆ.

ನಿಫೆಡಿಪಿನ್ ಇದಕ್ಕೆ ಸ್ಪಷ್ಟ ಉದಾಹರಣೆ. ಬಿ.ಪಿ. ವಿಪರೀತ ಏರಿದಾಗ ಇದರ ಸಾದಾ ಕ್ಯಾಪ್ಸೂಲನ್ನು ಕಚ್ಚಿಸಿ ನಾಲಗೆಯಡಿ ಇಡುವ ರೂಢಿ ಹಿಂದೆ ಇತ್ತು. ಸ್ಟ್ರೋಕ್, ಹೃದಯಾಘಾತಗಳು ವರದಿಯಾದ ಮೇಲೆ 1990ರ ದಶಕದಲ್ಲಿ ತಜ್ಞರು ಅದು ಬೇಡವೆಂದರು. ದೀರ್ಘಕಾಲದ ಚಿಕಿತ್ಸೆಗೆ ಈಗ ಬಳಸುವುದು ನಿಧಾನ ಬಿಡುಗಡೆಯ ಮಾತ್ರೆಯನ್ನೇ. ಅದರಲ್ಲೊಂದು ಬಗೆಯ ಖಾಲಿ ಹೊರಕವಚ ಮಲದಲ್ಲಿ ಇಡಿಯಾಗಿ ಹೊರಬರುತ್ತದೆ. ಮಾತ್ರೆ ಕರಗಲೇ ಇಲ್ಲವೆಂದು ಗಾಬರಿಯಾಗಿ ಇನ್ನೊಂದು ನುಂಗಬೇಡಿ.

ಮೆಟೊಪ್ರೊಲಾಲ್ ಎಂಬ ಬಿ.ಪಿ. ಔಷಧದಲ್ಲಿ ಗೊಂದಲ ಇನ್ನೊಂದು ಬಗೆಯದು. ಅದು ಟಾರ್ಟ್ರೇಟ್, ಸಕ್ಸಿನೇಟ್ ಎಂಬ ಎರಡು ಲವಣ ರೂಪಗಳಲ್ಲಿ ಸಿಗುತ್ತದೆ. ಟಾರ್ಟ್ರೇಟ್ ಸಾದಾ ಮಾತ್ರೆ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಸಕ್ಸಿನೇಟ್ ನಿಧಾನದ್ದು, ದಿನಕ್ಕೆ ಒಂದು. ಸಕ್ಸಿನೇಟ್ ಸ್ಟ್ರಿಪ್ ಮೇಲೆ 47.5 ಮಿ.ಗ್ರಾಂ ಎಂದೂ, ಅದು ಟಾರ್ಟ್ರೇಟ್‌ನ 50 ಮಿ.ಗ್ರಾಂಗೆ ಸಮ ಎಂದೂ ಇರುತ್ತದೆ. ಹಾಗಂತ ಒಂದರ ಬದಲು ಇನ್ನೊಂದನ್ನು ಅದೇ ವೇಳೆಗೆ ನುಂಗುವಂತಿಲ್ಲ: ಟಾರ್ಟ್ರೇಟನ್ನು ದಿನಕ್ಕೊಂದೇ ತೆಗೆದುಕೊಂಡರೆ ರಾತ್ರಿಗೆ ರಕ್ಷಣೆ ಇರುವುದಿಲ್ಲ. ನಡುವೆ ಗೆರೆಯಿರುವ ಸಕ್ಸಿನೇಟ್ ಮಾತ್ರೆಯನ್ನು, ತಯಾರಕರ ಒಪ್ಪಿಗೆಯಿದ್ದರೆ, ಅರ್ಧಕ್ಕೆ ಮುರಿಯಬಹುದು, ಜಗಿಯಬಾರದು, ಕುಟ್ಟಬಾರದು.

ಹಾಗಾದರೆ ನಿಧಾನದ್ದೇ ಮೇಲೇ? ಅದೂ ಅಲ್ಲ. ಅಮ್ಲೋಡಿಪಿನ್ ಸಾದಾ ಮಾತ್ರೆಯೇ, ಆದರೂ ಅದರ ಅರ್ಧಾಯುಷ್ಯ (ರಕ್ತದಲ್ಲಿನ ಔಷಧ ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯ) 30ರಿಂದ 50 ಗಂಟೆ. ದಿನಕ್ಕೊಂದು ಸಾಕು, ಅಗ್ಗವೂ ಹೌದು. ನಳಿಕೆಯಲ್ಲಿ ಕೊಡಬೇಕಾದರೆ ಪುಡಿ ಮಾಡಿ ನೀರಿನಲ್ಲಿ ಕದಡಿ ಕೂಡಲೇ ಹಾಕಬಹುದು. ನಳಿಕೆ ಹಾಕಿದ ದಿನವೇ ಎಲ್ಲ ಮಾತ್ರೆಗಳನ್ನೂ ವೈದ್ಯರ ಮುಂದಿಟ್ಟು ಬದಲಿ ಕೇಳುವುದು ಸರಿಯಾದ ದಾರಿ. ನೀವಾಗಿಯೇ ನಿಲ್ಲಿಸಬೇಡಿ, ಮೆಟೊಪ್ರೊಲಾಲ್‌ನಂಥದ್ದನ್ನು ತಟಕ್ಕನೆ ಬಿಟ್ಟರೆ ಎದೆನೋವು ಮರುಕಳಿಸಬಹುದು.

ಔಷಧ ಅಂಗಡಿಯವರಲ್ಲಿ ಒಂದು ಕೋರಿಕೆ. ನಾಲ್ಕೇ ಮಾತ್ರೆ ಕೇಳಿದರೆ ಸ್ಟ್ರಿಪ್ ಕತ್ತರಿಸುತ್ತೀರಿ. ಹೆಸರು ಒಂದು ತುಂಡಿನಲ್ಲಿ, ಎಕ್ಸ್‌ಎಲ್ ಇನ್ನೊಂದರಲ್ಲಿ ಉಳಿಯುತ್ತದೆ. ಕವರಿನ ಮೇಲೆ ಪೂರ್ತಿ ಹೆಸರು ಬರೆದು, ‘ಕುಟ್ಟಬೇಡಿ, ಜಗಿಯಬೇಡಿ’ ಎಂಬ ಕನ್ನಡದ ಸೀಲೊಂದನ್ನು ಒತ್ತಿ ಕೊಡಿ.

– ಒಬ್ಬ ಫಾರ್ಮಸಿಸ್ಟ್, ದಾವಣಗೆರೆ