ಸಿಸ್ಟರ್ ಬರೆದುಕೊಟ್ಟ ಹಾಳೆ

ಕಳೆದ ವಾರ ಕ್ಯಾನ್ಸರಿಗೆಂದು ಕೊಡುವ ನನ್ನ 16ನೆಯ ಕಿಮೋ ಮುಗಿಯಿತು. ಕೆಂಪು ಔಷಧಿಯದು ನಾಲ್ಕು, ಆಮೇಲೆ ವಾರಕ್ಕೊಂದರಂತೆ ಹನ್ನೆರಡು. ಸಕಲೇಶಪುರದಿಂದ ಬೆಂಗಳೂರಿಗೆ ಪ್ರತಿ ಸಲವೂ ಜೊತೆಗೆ ಬಂದ ತಮ್ಮನಿಗೆ, ಮನೆ ಮಕ್ಕಳನ್ನು ನೋಡಿಕೊಂಡ ಅತ್ತೆಯವರಿಗೆ ನನ್ನ ನಮಸ್ಕಾರ. ಆದರೆ ಈ ಬರಹ ಮುಖ್ಯವಾಗಿ ಒಬ್ಬ ಸಿಸ್ಟರ್‌ಗಾಗಿ.

ಮೊದಲ ಕಿಮೋ ಆದ ಸಂಜೆ ಮೂತ್ರ ಕೆಂಪಗೆ ಹೋಯಿತು. ರಕ್ತವೆಂದೇ ತಿಳಿದು, ಯಾರಿಗೂ ಹೇಳದೆ ರಾತ್ರಿಯೆಲ್ಲ ಅಳುತ್ತ ಕಳೆದೆ. ಅದು ಔಷಧಿಯದೇ ಬಣ್ಣ, ಒಂದೆರಡು ದಿನದಲ್ಲಿ ಹೋಗುತ್ತದೆ ಎಂಬ ಒಂದು ಮಾತು ನನಗೆ ಗೊತ್ತಿರಲಿಲ್ಲ.

ಎರಡನೆಯ ಸಲ ಡ್ರಿಪ್ ಹಾಕಿದ ಸಿಸ್ಟರ್ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿ, ಹಾಳೆಯಲ್ಲಿ ಬರೆದೂ ಕೊಟ್ಟರು. ವಾಂತಿಯ ಮಾತ್ರೆಯನ್ನು ವಾಕರಿಕೆ ಬಂದ ಮೇಲಲ್ಲ, ಹೇಳಿದ ಹೊತ್ತಿಗೇ ನುಂಗಬೇಕು. ಬಾಯಿಹುಣ್ಣಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಹಾಕಿ ಮುಕ್ಕಳಿಸಬೇಕು. ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದರು: "7ರಿಂದ 14ನೆಯ ದಿನದೊಳಗೆ ಬಿಳಿ ರಕ್ತಕಣ ತುಂಬಾ ಇಳಿಯುತ್ತದೆ. ಜ್ವರ 100.4 ಮುಟ್ಟಿದರೆ ಬೆಳಗಾಗುವುದನ್ನು ಕಾಯಬೇಡಿ."

ಮೂರನೆಯ ಕಿಮೋ ಆದ ಹತ್ತನೆಯ ರಾತ್ರಿ, ಜುಲೈ ಮಳೆ, ಕರೆಂಟಿಲ್ಲ. ಟಾರ್ಚ್ ಬೆಳಕಿನಲ್ಲಿ ನೋಡಿದರೆ 100.8. ಮೈ ಅಷ್ಟೇನೂ ಸುಡುತ್ತಿರಲಿಲ್ಲ. ಅತ್ತೆ ಮೆಣಸಿನ ಕಷಾಯಕ್ಕೆ ನೀರಿಟ್ಟಿದ್ದರು. ಜ್ವರದ ಮಾತ್ರೆ ನುಂಗಿ ಮಲಗು ಎಂದರು ಮನೆಗೆ ಬಂದಿದ್ದ ನೆಂಟರು. ಮಾತ್ರೆಗೆ ಜ್ವರ ಇಳಿದಂತೆ ಕಂಡು ಒಳಗಿನ ಸೋಂಕು ಬೆಳೆಯುತ್ತಲೇ ಇರುತ್ತದೆ ಎಂದೂ ಸಿಸ್ಟರ್ ಹೇಳಿದ್ದರು. ನಾನು ಹಾಳೆ ತೋರಿಸಿದೆ. ಪಕ್ಕದ ತೋಟದ ಅಣ್ಣ ಮರುಮಾತಿಲ್ಲದೆ ಜೀಪು ತೆಗೆದರು. ಹಾಸನ ಮುಟ್ಟಿದ ಕೂಡಲೇ ವೈದ್ಯರು ನರಕ್ಕೆ ಆ್ಯಂಟಿಬಯಾಟಿಕ್ ಹಾಕಿಸಿದರು. ಐದು ದಿನ ಅಲ್ಲೇ ಇದ್ದೆ. ಆ ಅಣ್ಣನ ಋಣ ಹೇಗೆ ತೀರಿಸಲಿ?

ವಾರದ ಕಿಮೋ ಶುರುವಾದ ಮೇಲೆ ಬೆರಳು ಮರಗಟ್ಟಿ ರವಿಕೆಯ ಗುಂಡಿ ಹಾಕಲಾಗದಾಯಿತು. ಅದನ್ನೂ ಮುಚ್ಚಿಡದೆ ಹೇಳಿದ್ದರಿಂದ ಡಾಕ್ಟರ್ ಔಷಧಿಯ ಪ್ರಮಾಣ ತಗ್ಗಿಸಿದರು.

ಸಿಸ್ಟರ್, ನಿಮ್ಮ ಹಾಳೆ ಮಡಿಕೆಯಲ್ಲಿ ಹರಿದಿದೆ, ಅಂಟಿಸಿಟ್ಟಿದ್ದೇನೆ. ನಮ್ಮ ತೋಟದ ಲೈನ್ ಮನೆಯ ಹೆಂಗಸೊಬ್ಬರಿಗೆ ಬರುವ ಗುರುವಾರ ಮೊದಲ ಕಿಮೋ. ಅವರಿಗೆ ಓದು ಬರುವುದಿಲ್ಲ. ನೀವು ಕುಳಿತಂತೆಯೇ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದ್ದೇನೆ. ಗಾಜಿನ ಥರ್ಮಾಮೀಟರಿನಲ್ಲಿ 100.4ರ ಗೆರೆಗೆ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟುಕೊಟ್ಟಿದ್ದೇನೆ.