ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಗುತ್ತಿದೆ: ಯಾಕೆ, ಹೇಗೆ, ಯಾವಾಗ

ಮಂಡ್ಯ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಬೆಲ್ಲದ ಮಂಡಿ, ರೈಸ್ ಮಿಲ್, ಗೊಬ್ಬರದ ಅಂಗಡಿ, ಹಾಲಿನ ಡೇರಿ, ಹೀಗೆ ಬೇರೆ ಬೇರೆ ಕಡೆ ನೀವು ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರನ್ನು ದಿನಾ ಬಳಸುತ್ತಿದ್ದೀರಿ. ಬರುವ ಏಪ್ರಿಲ್ 1ರಿಂದ, ಅಂದರೆ ಹೊಸ ಲೆಕ್ಕದ ವರ್ಷದಿಂದ, ಅದರ ಜಾಗಕ್ಕೆ ಹೊಸದು ಬರುತ್ತದೆ. ಪರದೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಿಮ್ಮ ಕೈಗೆ ರೂಢಿಯಾದ ಕೀಲಿಗಳನ್ನು ನಾವು ಮುಟ್ಟಿಲ್ಲ. ಆದರೆ ಒಳಗಡೆ ಪೂರ್ತಿ ಹೊಸದಾಗಿ ಕಟ್ಟಿದ್ದೇವೆ. ಲೆಕ್ಕ ನಿಮ್ಮದು, ಹಾಗಾಗಿ ಕಾರಣ ನಿಮಗೆ ಗೊತ್ತಿರಬೇಕು.

ಹಳೆಯದನ್ನು ಮಾಡಿದ್ದು ವಿಷುಯಲ್ ಬೇಸಿಕ್ 6ರಲ್ಲಿ, ಅಂದರೆ ಪ್ರೋಗ್ರಾಮು ಬರೆಯಲು ಮೈಕ್ರೋಸಾಫ್ಟ್ ಕೊಟ್ಟ ಸಾಧನದಲ್ಲಿ. 1998ರಲ್ಲಿ ಬಂದ ಆ ಸಾಧನದ ಬಗ್ಗೆ ನಮಗೆ ಇವತ್ತಿಗೂ ಗೌರವವಿದೆ. ಬಟನ್ನು, ಪಟ್ಟಿ, ಖಾನೆಗಳನ್ನು ಪರದೆ ಮೇಲೆ ಎಳೆದಿಟ್ಟು, ಒಂದು ಮಂಡಿಗೆ ಬೇಕಾದ ಪ್ರೋಗ್ರಾಮನ್ನು ಬೇಗ ಕಟ್ಟಿಕೊಡಬಹುದಿತ್ತು. ಆದರೆ 2008ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿತು. ಅದರಲ್ಲಿ ಮಾಡಿದ ಪ್ರೋಗ್ರಾಮುಗಳು ಈಗಲೂ ಓಡುತ್ತವೆ, ನಿಜ. ತೊಡಕು ಬರುವುದು ರಿಪೇರಿಗೆ ಕೂತಾಗ. ಬಿಲ್ಲು ಪ್ರಿಂಟ್ ಮಾಡುವ ಭಾಗವನ್ನು ನಾವು ಬೇರೊಂದು ಕಂಪನಿಯಿಂದ ಕೊಂಡಿದ್ದೆವು. ಆ ಕಂಪನಿ ಈಗ ಇಲ್ಲ. ಅದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಯಾರ ಕೈಗೂ ಸಿಗದು. ಬಿಲ್ಲಿನಲ್ಲಿ ಒಂದು ಗೆರೆ ಸರಿಸಬೇಕೆಂದರೂ ನಮ್ಮ ಕೈ ಕಟ್ಟಿದೆ.

ಇದಕ್ಕಿಂತ ಹೆಚ್ಚು ನಮ್ಮನ್ನು ಕಾಡಿದ್ದು ಕನ್ನಡ. ಎಲ್ಲ ಭಾಷೆಯ ಅಕ್ಷರಗಳಿಗೂ ಎಲ್ಲ ಕಂಪ್ಯೂಟರು, ಮೊಬೈಲುಗಳಲ್ಲಿ ಒಂದೇ ಸಂಕೇತ ಕೊಡುವ ಪದ್ಧತಿಗೆ ಯೂನಿಕೋಡ್ ಅನ್ನುತ್ತಾರೆ. ವಿಷುಯಲ್ ಬೇಸಿಕ್ 6ರ ಖಾನೆಗಳಿಗೆ ಅದು ಬರುವುದಿಲ್ಲ. ಹಾಗಾಗಿ ರೈತರ ಹೆಸರುಗಳನ್ನು ಹಳೆಯ ನುಡಿ ಫಾಂಟಿನ ಸಂಕೇತದಲ್ಲಿ ಇಡುತ್ತಿದ್ದೆವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಹೆಸರು ಚೆನ್ನಾಗಿ ಕಾಣುತ್ತದೆ. ಅದೇ ಹೆಸರನ್ನು ವಾಟ್ಸಾಪ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ನಿಮ್ಮಲ್ಲಿ ಎಷ್ಟೋ ಜನ ಇದನ್ನು ಕಂಡಿದ್ದೀರಿ, ಅಲ್ವಾ? ಕಬ್ಬು ಬೆಳೆದು, ಗಾಣ ಆಡಿಸಿ, ಬೆಲ್ಲ ತಂದು ಹಾಕಿದ ರೈತನಿಗೆ ಅವನ ಹೆಸರು ಸರಿಯಾಗಿರುವ ಚೀಟಿ ಮೊಬೈಲಿಗೆ ಬರಬೇಕು. ಇದು ಸಣ್ಣ ವಿಷಯ ಅಂತ ನಮಗೆ ಅನ್ನಿಸುವುದಿಲ್ಲ.

ಹಾಗಿದ್ದರೆ ಎಲ್ಲವನ್ನೂ ಇಂಟರ್ನೆಟ್‌ಗೆ ಹಾಕಬಾರದೇ ಅಂತ ಕೆಲವರು ಕೇಳಿದ್ದಾರೆ. ನಿಮ್ಮ ವೇಬ್ರಿಡ್ಜ್ ಸೀರಿಯಲ್ ಕೇಬಲ್‌ನಲ್ಲಿ ತೂಕ ಕಳಿಸುತ್ತದೆ. ಲೋಡು ಬಂದು ನಿಂತಾಗ ನೆಟ್ ಹೋದರೂ ಬಿಲ್ಲು ನಿಲ್ಲಬಾರದು. ಇದಕ್ಕೆಲ್ಲ ಕಂಪ್ಯೂಟರಿನಲ್ಲೇ ಓಡುವ ಪ್ರೋಗ್ರಾಮೇ ಸರಿ.

ಮತ್ತೆ ಒಂದೇ ಕಂಪನಿಯ ಸಾಧನಕ್ಕೆ ಕಟ್ಟುಬೀಳುವುದು ಬೇಡ, ಓಪನ್ ಸೋರ್ಸ್ ಸಾಧನವೇ, ಅಂದರೆ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವ ಸಾಧನವೇ ಆಗಬೇಕು ಎಂದು ಮೊದಲೇ ತೀರ್ಮಾನಿಸಿದೆವು. ಅಂಥ ಕೆಲವನ್ನು ನೋಡಿದೆವು. ಗಂಬಾಸ್ ನೋಡಲು ವಿಷುಯಲ್ ಬೇಸಿಕ್ ಥರವೇ ಇದೆ, ಆದರೆ ಅದು ವಿಂಡೋಸ್ ಬದಲು ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್‌ಗಾಗಿ ಮಾಡಿದ್ದು. ನಿಮ್ಮ ಕೌಂಟರುಗಳಲ್ಲಿ ಇರುವುದು ವಿಂಡೋಸ್. ಎಲೆಕ್ಟ್ರಾನ್‌ನಲ್ಲಿ ಚೆಂದದ ಪರದೆ ಮಾಡಬಹುದು, ಆದರೆ ಪ್ರತಿ ಪ್ರೋಗ್ರಾಮಿನ ಜೊತೆ ಕ್ರೋಮಿಯಂ ಬ್ರೌಸರನ್ನೇ ಹೊತ್ತು ತರುತ್ತದೆ. ಹಳೇ ಕಂಪ್ಯೂಟರುಗಳಿಗೆ ಅದು ಜಾಸ್ತಿ ಭಾರ. ಕ್ಯೂಟಿ ಗಟ್ಟಿಯಾದದ್ದು. ದೊಡ್ಡ ತಂಡವಿದ್ದರೆ ಅದನ್ನೇ ಹಿಡಿಯುತ್ತಿದ್ದೆವು.

ಕೊನೆಗೆ ಆರಿಸಿದ್ದು ಲಜಾರಸ್. ಇದು ಫ್ರೀ ಪ್ಯಾಸ್ಕಲ್ ಎಂಬ ಕಂಪೈಲರಿನ (ಸೋರ್ಸ್ ಕೋಡನ್ನು ಓಡುವ ಪ್ರೋಗ್ರಾಮಾಗಿ ಮಾಡುವ ಸಾಧನ) ಮೇಲೆ ನಿಂತಿದೆ, 1999ರಿಂದ ಬೆಳೆಯುತ್ತಾ ಬಂದಿದೆ. ಪರದೆ ಕಟ್ಟುವ ರೀತಿ ಅದೇ, ಎಳೆದು ಇಡುವುದು. ಹಾಗಾಗಿ ನಮ್ಮ ಕೆಲಸ ಬೇಗ ಆಗುತ್ತದೆ, ನೀವು ಕೇಳಿದ ಬದಲಾವಣೆಯೂ ಬೇಗ ಬರುತ್ತದೆ. ಅಕ್ಷರಗಳನ್ನು ಯೂನಿಕೋಡ್‌ನಲ್ಲೇ ಇಡುತ್ತದೆ. ತಯಾರಾದ ಪ್ರೋಗ್ರಾಮು ಹಗುರ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದೇ ಕೋಡನ್ನು ಲಿನಕ್ಸ್‌ಗೂ ಕಂಪೈಲ್ ಮಾಡಬಹುದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಹಳೇ ಕಂಪ್ಯೂಟರುಗಳನ್ನು ಒಪ್ಪುವುದಿಲ್ಲ. ಚೆನ್ನಾಗಿರುವ ಕಂಪ್ಯೂಟರನ್ನು ಸುಮ್ನೆ ಎಸೆಯುವ ಬದಲು ಅದಕ್ಕೆ ಲಿನಕ್ಸ್ ಹಾಕಿಸಿ ಇದೇ ಪ್ರೋಗ್ರಾಮು ಓಡಿಸಬಹುದು. ಬೇಕಾದವರು ಹೇಳಿ, ನಾವೇ ಬಂದು ಹಾಕಿಕೊಡುತ್ತೇವೆ.

ನಿಮ್ಮ ಲೆಕ್ಕವೆಲ್ಲ ಇನ್ನು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ ಇರುತ್ತದೆ. ಅದು ಒಂದೇ ಒಂದು ಫೈಲು. ಪೆನ್ ಡ್ರೈವಿಗೆ ನಕಲು ಮಾಡಿ ಮನೆಯ ಬೀರುವಿನಲ್ಲಿ ಇಡಬಹುದು. ಅದಕ್ಕೆ ಯಾರ ಹಕ್ಕೂ ಇಲ್ಲ, ಅದನ್ನು ತೆರೆಯುವ ಸಾಧನಗಳು ಪುಕ್ಕಟೆ ಸಿಗುತ್ತವೆ. 2050ರವರೆಗೂ ಇದನ್ನು ನೋಡಿಕೊಳ್ಳುವ ಉದ್ದೇಶವಿದೆ ಎಂದು ಅದನ್ನು ಮಾಡಿದವರು ಹೇಳಿದ್ದಾರೆ. ಎರಡು ಮೂರು ಕೌಂಟರ್ ಇರುವವರಿಗೆ ಮಾತ್ರ ಇದರ ಬದಲು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಹಾಕುತ್ತೇವೆ, ಯಾಕೆಂದರೆ ನೆಟ್‌ವರ್ಕ್ ಮೇಲೆ ಹಂಚಿಕೊಂಡ ಫೈಲಿಗೆ ಹಲವರು ಒಟ್ಟಿಗೆ ಬರೆಯುವುದು ಎಸ್‌ಕ್ಯೂಲೈಟಿಗೆ ಕ್ಷೇಮವಲ್ಲ.

ಪ್ರೋಗ್ರಾಮಿನ ಸೋರ್ಸ್ ಕೋಡನ್ನೂ ನಿಮಗೆ ಕೊಡುತ್ತೇವೆ. ನಾಳೆ ನಾವು ಅಂಗಡಿ ಮುಚ್ಚಿದರೂ, ನೀವು ನಮ್ಮನ್ನು ಬಿಟ್ಟು ಬೇರೆಯವರನ್ನು ಹಿಡಿದರೂ, ಮಂಡ್ಯದಲ್ಲೋ ಮೈಸೂರಿನಲ್ಲೋ ಪ್ರೋಗ್ರಾಮಿಂಗ್ ಬಲ್ಲ ಇನ್ನೊಬ್ಬರು ಲಜಾರಸ್ ಇಳಿಸಿಕೊಂಡು ಕೆಲಸ ಮುಂದುವರಿಸಬಹುದು. ನಮ್ಮ ವ್ಯಾಪಾರಕ್ಕೆ ಇದರಿಂದ ಪೆಟ್ಟಲ್ಲವೇ ಎಂದು ಹಿತೈಷಿಯೊಬ್ಬರು ಕೇಳಿದರು. ನೀವು ನಮ್ಮ ಜೊತೆ ಉಳಿಯುವುದು ಸೇವೆ ಚೆನ್ನಾಗಿದೆ ಅಂತ ಆಗಬೇಕು. ಬೇರೆ ದಾರಿಯಿಲ್ಲ ಅಂತ ಅಲ್ಲ.

ದುಡ್ಡಿನ ವಿಷಯ: ಬದಲಾವಣೆಗೆ ಏನೂ ಕೊಡಬೇಕಿಲ್ಲ. ಸಾಧನ ಪುಕ್ಕಟೆಯಾದರೂ ನಮ್ಮ ಹುಡುಗರ ದುಡಿಮೆ ಇದ್ದೇ ಇರುತ್ತದೆ, ಹಾಗಾಗಿ ವರ್ಷದ ಸರ್ವೀಸ್ ಹಣ ಈಗಿನಷ್ಟೇ ಮುಂದುವರಿಯುತ್ತದೆ.

ಒಂದು ಅನನುಕೂಲವಿದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ತನ್ನದೇ ಕನ್ನಡ ಅಕ್ಷರಗಳಿಲ್ಲ, ಅದಕ್ಕೆ ಕನ್ನಡವನ್ನು ಚಿತ್ರವಾಗಿ ಕಳಿಸಬೇಕು. ಆ ಬಿಲ್ಲು ನಿಧಾನವಾಗಿ ಬರುತ್ತದೆ. ಗಿರಾಕಿ ಜಾಸ್ತಿ ಇರುವಾಗ ಇಂಗ್ಲಿಷ್ ಬಿಲ್ಲಿಗೆ ಬದಲಿಸಿಕೊಳ್ಳಲು ಪರದೆಯಲ್ಲೇ ಒಂದು ಬಟನ್ ಇಟ್ಟಿದ್ದೇವೆ.

ನಿಮ್ಮಿಂದ ಆಗಬೇಕಾದ ಕೆಲಸವೂ ಒಂದಿದೆ. ಹಳೇ ಹೆಸರುಗಳನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಎಡವಟ್ಟು ಮಾಡುತ್ತದೆ, ಏಕೆಂದರೆ ಹಳೇ ಸಂಕೇತದಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರುತ್ತದೆ. ಧರ್ಮೇಗೌಡ, ಪಾರ್ವತಮ್ಮ, ಸೂರ್ಯಕುಮಾರ ಇಂಥ ಹೆಸರುಗಳನ್ನು ಬೇರೆ ಮಾಡಿ ಪಟ್ಟಿ ಕಳಿಸುತ್ತೇವೆ. ದಯವಿಟ್ಟು ಕಣ್ಣಾಡಿಸಿ, ತಪ್ಪಿದ್ದರೆ ಪೆನ್ನಿನಲ್ಲಿ ತಿದ್ದಿ, ಮಾರ್ಚ್ 15ರೊಳಗೆ ನಮ್ಮ ಹುಡುಗರ ಕೈಗೆ ಕೊಡಿ. ಹಳೇ ಪ್ರೋಗ್ರಾಮು ಇನ್ನೊಂದು ವರ್ಷ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಹಿಂದಿನ ಬಿಲ್ಲುಗಳನ್ನು ಅದರಲ್ಲಿ ನೋಡಬಹುದು, ಹೊಸದಾಗಿ ಬರೆಯಲು ಆಗುವುದಿಲ್ಲ.

ಇತಿ ನಿಮ್ಮ,
ಬಿಲ್ಲಿಂಗ್ ಸಾಫ್ಟ್‌ವೇರ್ ತಂಡ