ದೇವಿಮನೆ ಘಟ್ಟದಲ್ಲಿ ನೆರವಾದ ಹಿರಿಯರಿಗೆ ವಂದನೆಗಳು

ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ನನ್ನ ಬೈಕಿನ ಗೇರು ಬೀಳದೆ ನಿಂತಾಗ ತಾವಾಗಿಯೇ ಗಾಡಿ ನಿಲ್ಲಿಸಿ ಸರಿಪಡಿಸಿಕೊಟ್ಟು, ಹೆಸರನ್ನೂ ಹೇಳದೆ ಹೊರಟ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳು. ಗ್ಯಾರೇಜಿನಲ್ಲಿ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ನಡೆಯುವ) ಕ್ಲಚ್ಚಿನ ಆಯಿಲ್ ಬದಲಿಸಿದಂದಿನಿಂದ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಲಿವರನ್ನು ಪೂರ್ತಿ ಹಿಡಿದರೂ ಬೈಕು ಮುಂದಕ್ಕೆ ಜಗ್ಗುತ್ತಿತ್ತು. ಗೇರ್‌ಬಾಕ್ಸೇ ಹೋಗಿದೆಯೆಂದು ಹೆದರಿಸಿದವರೂ ಇದ್ದರು. ತಾವು ಮಾತ್ರ ಲಿವರನ್ನು ಬೇಗಬೇಗ ನಾಲ್ಕಾರು ಸಲ ಒತ್ತಿ, ಅದು ಗಟ್ಟಿಯಾದೊಡನೆ ಗೇರು ಸಲೀಸಾಗಿ ಬಿದ್ದುದನ್ನು ತೋರಿಸಿ, ಪೈಪಿನಲ್ಲಿ ಗಾಳಿ ಉಳಿದಿದೆ ಎಂದಿರಿ. ಗಾಳಿ ಕುಗ್ಗುವುದರಿಂದ ಕೈಯ ಒತ್ತಡವೆಲ್ಲ ಗುಳ್ಳೆಯಲ್ಲೇ ಇಂಗಿ, ಕ್ಲಚ್ ಪ್ಲೇಟುಗಳು ಪೂರ್ತಿ ಬಿಡಿಸಿಕೊಳ್ಳುವುದಿಲ್ಲವಂತೆ. ಇಷ್ಟು ಸರಳವಾಗಿ ಯಾರೂ ವಿವರಿಸಿರಲಿಲ್ಲ. ಕ್ಲಚ್ ಆಯಿಲ್ ತುಂಬುವಲ್ಲಿನ ಮುಚ್ಚಳದ ಮೇಲಿನ ‘ಡಾಟ್ 4’ ಎಂಬ ಆಯಿಲಿನ ದರ್ಜೆಯನ್ನು ನನ್ನಿಂದಲೇ ಓದಿಸಿ, ಅದೇ ಆಯಿಲ್ ತುಂಬುತ್ತ, ಲಿವರ್ ಹಿಡಿದಿರುವಾಗ ಬ್ಲೀಡರ್ (ಗಾಳಿ ಹೊರಬಿಡುವ ತಿರುಪು) ಸಡಿಲಿಸಿ, ಬಿಡುವ ಮುನ್ನ ಬಿಗಿದು, ಸಪೂರ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೂ ತಾಳ್ಮೆಯಿಂದ ಮಾಡಿದಿರಿ. ಟ್ಯಾಂಕಿನ ಮೇಲೆ ಬಿದ್ದ ಒಂದು ಹನಿಯನ್ನೂ ಪೇಂಟು ಕಿತ್ತೀತೆಂದು ಕೂಡಲೇ ನೀರಿನಿಂದ ತೊಳೆದಿರಿ. ಗ್ಯಾರೇಜಿನವರಿಗೂ ಇಷ್ಟು ಕಾಳಜಿ ಇದ್ದಿದ್ದರೆ! ಹಣ ಬೇಡವೆಂದಿರಿ, ಇರಲಿ. ತಮ್ಮ ಸ್ಪ್ಯಾನರ್ ನನ್ನ ಚೀಲದಲ್ಲೇ ಉಳಿದಿದೆ. ಇದನ್ನು ಓದಿದರೆ ದಯವಿಟ್ಟು ತಿಳಿಸಿ, ತಾವಿರುವಲ್ಲಿಗೇ ತಂದು ಕೊಡುತ್ತೇನೆ.